ಕೀ ತೆಗೆದ ಮೇಲೆ

ಹೊಳೆದಂಡೆಯ ಮಠಕ್ಕೆ ಒಂದು ಚಿಕ್ಕ ಕಾರು ಬಂತು. ಹಳೆಯ ಜೀಪು ಪೂರ್ತಿ ಕೈಕೊಟ್ಟ ಮೇಲೆ ಭಕ್ತರೊಬ್ಬರು ಅದನ್ನು ತಂದು ನಿಲ್ಲಿಸಿ, ಕೀಯನ್ನು ಸ್ವಾಮಿಗಳ ಪಾದದ ಬಳಿ ಇಟ್ಟು ಹೋದರು.

ಸ್ವಾಮಿಗಳು ಅದನ್ನೆತ್ತಿ ಪಾಲಾಕ್ಷನ ಕೈಗೆ ಕೊಟ್ಟರು.

ಪಾಲಾಕ್ಷ ಮಠದ ಶಿಷ್ಯ. ಅಣ್ಣನ ಗ್ಯಾರೇಜಿನಲ್ಲಿ ಬೆಳೆದವನು. ಜಪಮಣಿಗಿಂತ ಸ್ಪ್ಯಾನರು ಅವನ ಕೈಗೆ ಚೆನ್ನಾಗಿ ಒಗ್ಗುತ್ತಿತ್ತು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ.

"ಪುಟ್ಟ ಗಾಡಿ. ನಮ್ಮಿಬ್ಬರನ್ನೂ ಹೊತ್ಕೊಂಡು ಏರು ಹತ್ತುತ್ತೇನೋ?" ಎಂದು ಸ್ವಾಮಿಗಳು ಕೇಳಿದರು.

"ಟರ್ಬೊ ಇದೆ ಬುದ್ಧಿ. ಎಂಜಿನ್ ಹೊರಕ್ಕೆ ಬಿಡೋ ಬಿಸಿ ಹೊಗೇನೇ ಒಂದು ಪುಟ್ಟ ಚಕ್ರ ತಿರುಗಿಸುತ್ತೆ. ಆ ಚಕ್ರ ಎಂಜಿನ್ನಿಗೆ ಇನ್ನಷ್ಟು ಗಾಳಿ ತುಂಬುತ್ತೆ. ಹತ್ತೋದೇನು, ಹಾರುತ್ತೆ."

"ಹಾರೋದು ಬೇಡ."

"ಒಂದೇ ಒಂದು ತಾಪತ್ರಯ ಬುದ್ಧಿ. ಜೋರಾಗಿ ಓಡಿಸಿ ಬಂದು ತಕ್ಷಣ ಆಫ್ ಮಾಡಬಾರದು. ಆ ಚಕ್ರ ಕೆಂಪಗೆ ಕಾದಿರುತ್ತೆ. ಎಂಜಿನ್ ನಿಂತರೆ ಎಣ್ಣೆ ಹರಿಯೋದೂ ನಿಲ್ಲುತ್ತೆ. ನಿಂತ ಎಣ್ಣೆ ಅಲ್ಲೇ ಸೀದು ಕರಿ ಕಟ್ಟುತ್ತೆ."

"ಬಾಣಲೆ ಒಲೆ ಮೇಲೇ ಮರೆತ ಹಾಗೆ."

"ಹೂಂ ಬುದ್ಧಿ. ಅದಕ್ಕೇ ಬಂದು ನಿಂತ ಮೇಲೆ ಒಂದು ನಿಮಿಷ ಎಂಜಿನ್ ಸುಮ್ಮನೆ ಓಡೋಕೆ ಬಿಡಬೇಕು."

"ಒಳ್ಳೇದು. ಕೂತಿರೋಣ."

ಅಂದಿನಿಂದ ಅದೇ ಪದ್ಧತಿಯಾಯಿತು. ಸಾವಿನ ಮನೆಯಿರಲಿ, ಗೃಹಪ್ರವೇಶವಿರಲಿ, ಕಾರು ಬಾಗಿಲ ಮುಂದೆ ನಿಂತ ಮೇಲೆ ಇಬ್ಬರೂ ಒಳಗೇ ಕೂತಿರುತ್ತಿದ್ದರು. ಎಂಜಿನ್ ಗುರುಗುಟ್ಟುತ್ತಿತ್ತು. ಆಮೇಲೆ ಪಾಲಾಕ್ಷ ಕೀ ತಿರುಗಿಸುತ್ತಿದ್ದ, ಸ್ವಾಮಿಗಳು ಬಾಗಿಲು ತೆಗೆಯುತ್ತಿದ್ದರು.

ಇದ್ದದ್ದನ್ನು ಇದ್ದ ಹಾಗೆ ಬಿಡುವ ಜಾಯಮಾನ ಪಾಲಾಕ್ಷನದಲ್ಲ. ಕಾರನ್ನು ಕಂಡರೆ ಅವನ ಕೈ ತುರಿಸುತ್ತಿತ್ತು. ಬೇರೆ ಯಾರಿಗೂ ಅದನ್ನು ಮುಟ್ಟಲೂ ಬಿಡುತ್ತಿರಲಿಲ್ಲ. ಮೊಬೈಲಿನಲ್ಲಿ ವೀಡಿಯೊ ನೋಡಿಕೊಂಡು, ಸಾಮಾನು ತರಿಸಿಕೊಂಡು, ಎಲ್ಲ ತಾನೇ ಜೋಡಿಸುವುದು.

ಮೊದಲು ಸೈಲೆನ್ಸರ್ ಬಿಚ್ಚಿ ದಪ್ಪ ಕೊಳವೆ ಹಾಕಿದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕೊಟ್ಟಿಗೆಯ ಹಸುಗಳೆಲ್ಲ ಹಗ್ಗ ಕಿತ್ತುಕೊಂಡು ಓಡಿದವು.

ಸ್ವಾಮಿಗಳು ಬಯ್ಯಲಿಲ್ಲ. "ನೀನೇ ಹಿಡ್ಕೊಂಡು ಬಾ," ಎಂದರು.

ಕೊನೆಯ ಹಸು ಸಿಕ್ಕಾಗ ಹೊತ್ತು ಇಳಿಯುತ್ತಿತ್ತು. ಮರುದಿನ ಹಳೆಯ ಸೈಲೆನ್ಸರ್ ವಾಪಸು ಬಂತು.

ಆಮೇಲೆ ಎಂಜಿನ್ ಪಕ್ಕದಲ್ಲಿ ಒಂದು ಪುಟ್ಟ ಡಬ್ಬಿ ಕೂರಿಸಿದ. ಅದು ಎಂಜಿನ್ನಿಗೆ ಸುಳ್ಳು ಲೆಕ್ಕ ಹೇಳಿ ಟರ್ಬೊದಿಂದ ಇನ್ನೂ ಹೆಚ್ಚು ಗಾಳಿ ತಳ್ಳಿಸುತ್ತಿತ್ತು. ಏರಿನಲ್ಲಿ ಕಾರು ಕೋತಿಗೆ ಹೆಂಡ ಕುಡಿಸಿದ ಹಾಗೆ ನೆಗೆಯಿತು.

"ಏನು ಹೆಚ್ಚಾಯ್ತು?" ಎಂದು ಸ್ವಾಮಿಗಳು ಕೇಳಿದರು.

"ಶಕ್ತಿ ಬುದ್ಧಿ."

"ಏನು ಕಮ್ಮಿಯಾಯ್ತು?"

"ಏನೂ ಇಲ್ಲ."

"ಹುಡುಕು."

ಕೆಲವು ವಾರ ಕಳೆದವು. ಒಂದು ದಿನ ಪಾಲಾಕ್ಷ ಮುಖ ಸಪ್ಪೆ ಮಾಡಿಕೊಂಡು ಬಂದು ನಿಂತ.

"ಸಿಕ್ತೇನೋ?"

"ಕ್ಲಚ್ಚು, ಬುದ್ಧಿ. ಪೂರ್ತಿ ಸವೆದಿದೆ."

ಡಬ್ಬಿಯೂ ಕೆಳಗಿಳಿಯಿತು. ಆದರೆ ಅವನ ಕೈ ತುರಿಕೆ ಇಳಿಯಲಿಲ್ಲ.

ಉಳಿದದ್ದು ಆ ಒಂದು ನಿಮಿಷ. ಬಂದು ತಲುಪಿದ ಮೇಲೂ ತಲುಪದವರ ಹಾಗೆ ಕೂರುವುದು ಅವನಿಗೆ ಹಿಂಸೆಯಾಗುತ್ತಿತ್ತು. ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಸ್ವಾಮಿಗಳು ಮಾತ್ರ ಮನೆಯ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದರು.

ಅದಕ್ಕೂ ಒಂದು ಸಾಮಾನು ಸಿಕ್ಕಿತು. ಟರ್ಬೊ ಟೈಮರ್ ಅಂತ. ಸ್ಟೀರಿಂಗ್ ಕೆಳಗಿನ ವೈರುಗಳನ್ನು ಕತ್ತರಿಸಿ, ಟೇಪು ಸುತ್ತಿ, ಒಂದು ಇಡೀ ಮಧ್ಯಾಹ್ನ ತಲೆಕೆಳಗಾಗಿ ಮಲಗಿ ಅದನ್ನು ಜೋಡಿಸಿದ.

"ಈಗ ನೋಡಿ ಬುದ್ಧಿ."

ಕೀ ತಿರುಗಿಸಿದ, ಹೊರಗೆ ತೆಗೆದ, ಇಳಿದು ಬಾಗಿಲಿಗೆ ಬೀಗ ಹಾಕಿದ. ಖಾಲಿ ಕಾರಿನಲ್ಲಿ ಎಂಜಿನ್ ತನ್ನ ಪಾಡಿಗೆ ಓಡುತ್ತಿತ್ತು. ಒಂದು ನಿಮಿಷ ಕಳೆದು ತಾನೇ ನಿಂತಿತು.

"ಇನ್ನು ನಾವು ಕೂರಬೇಕಾಗಿಲ್ಲ," ಎಂದು ಪಾಲಾಕ್ಷ ಬೀಗಿದ.

ಸ್ವಾಮಿಗಳು ಕಾರಿನ ಸುತ್ತ ಒಂದು ಸುತ್ತು ಬಂದರು. "ಚೆನ್ನಾಗಿದೆ. ನಿನ್ನ ಬದಲು ಅದು ಕೂರುತ್ತೆ," ಎಂದರು.

ಪಾಲಾಕ್ಷ ಅದನ್ನು ಹೊಗಳಿಕೆ ಎಂದೇ ತಿಳಿದ.

ಆ ದಿನಗಳಲ್ಲೇ ಅವನ ಅಣ್ಣ ಗುರುಮಲ್ಲಪ್ಪನಿಂದ ಮಠಕ್ಕೆ ಹೇಳಿಕೆ ಬಂತು. ಗ್ಯಾರೇಜಿಗೆ ಹೊಸ ಶೆಡ್ಡು ಕಟ್ಟಿಸಿದ್ದೇನೆ, ಸ್ವಾಮಿಗಳ ಪಾದ ಬೀಳಬೇಕು, ಕಾರನ್ನು ಪಾಲಾಕ್ಷನೇ ಓಡಿಸಿಕೊಂಡು ಬರಲಿ.

"ಡ್ರೈವರ್ ಆಗಿ ಬಾ ಅಂತ ಕರೀತಿದಾನೆ ಬುದ್ಧಿ. ನೋಡಿದ್ರಾ ಅವನ ಕೊಬ್ಬು!"

"ಬಾ ಅಂತ ಕರೀತಿದಾನೆ. ಅಷ್ಟು ನನಗೂ ಕೇಳಿಸ್ತು."

ಅಣ್ಣ ತಮ್ಮಂದಿರ ನಡುವೆ ಮಾತು ನಿಂತು ವರ್ಷಗಳಾಗಿದ್ದವು. ಗಿರಾಕಿಯೊಬ್ಬನ ಗಾಡಿಯ ಎಣ್ಣೆ ಬದಲಿಸಿದಾಗ ಕೆಳಗಿನ ಬೋಲ್ಟು ಸಡಿಲ ಉಳಿದಿತ್ತು. ಎಣ್ಣೆಯೆಲ್ಲ ದಾರಿಯಲ್ಲೇ ಸೋರಿ ಎಂಜಿನ್ ಬಿಗಿದುಕೊಂಡು ಕೆಟ್ಟು ನಿಂತಿತು. ಗುರುಮಲ್ಲಪ್ಪ ಹತ್ತು ಜನರ ಮುಂದೆ ತಮ್ಮನ ಕೆನ್ನೆಗೆ ಬಾರಿಸಿದ್ದ. ಆ ಬೋಲ್ಟು ಹಾಕಿದವನು ಪಾಲಾಕ್ಷನಲ್ಲ, ಗುರುಮಲ್ಲಪ್ಪನೇ.

ಪಾಲಾಕ್ಷ ಆವತ್ತೇ ಮನೆ ಬಿಟ್ಟು ಮಠಕ್ಕೆ ಬಂದ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಎತ್ತಿ ಬೆಳೆಸಿದವನು ಆ ಅಣ್ಣನೇ. ಅವನನ್ನು ಬಿಟ್ಟರೆ ತನ್ನವರು ಅಂತ ಬೇರೆ ಯಾರೂ ಇರಲಿಲ್ಲ. ಅದಕ್ಕೇ ಆ ಏಟು ಇನ್ನೂ ಉರಿಯುತ್ತಿತ್ತು.

ಹೊರಟ ದಿನ ಪಾಲಾಕ್ಷ ಕಾರನ್ನು ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಓಡಿಸಿದ. ದಾರಿಯುದ್ದಕ್ಕೂ ಅವನ ತುಟಿ ಅಲ್ಲಾಡುತ್ತಿತ್ತು. ಏನು ಹೇಳಬೇಕು ಎಂಬುದನ್ನು ಒಳಗೊಳಗೇ ಮಸೆಯುತ್ತಿದ್ದ.

"ನಿಧಾನ," ಎಂದರು ಸ್ವಾಮಿಗಳು ಒಮ್ಮೆ.

ಅವನಿಗೆ ಕೇಳಿಸಲಿಲ್ಲ.

ಶೆಡ್ಡು ರಸ್ತೆಯ ಎಡಗಡೆಗಿತ್ತು. ತಳಿರು ತೋರಣ ಕಟ್ಟಿದ್ದರು. ಜನ ಸೇರಿದ್ದರು. ಗುರುಮಲ್ಲಪ್ಪ ಕಾಲಿಗೆ ನೀರು ಕೊಡಲು ತಾಮ್ರದ ಚೊಂಬು ಹಿಡಿದು ಬಾಗಿಲಲ್ಲೇ ಕಾದಿದ್ದ.

ಕಾರು ನಿಂತದ್ದೇ ಪಾಲಾಕ್ಷ ಹ್ಯಾಂಡ್‌ಬ್ರೇಕ್ ಎಳೆದು, ಕೀ ಕಿತ್ತುಕೊಂಡು, ಕೆಳಕ್ಕೆ ನೆಗೆದ. ಅಣ್ಣ ಬಾನೆಟ್ಟು ಸುತ್ತಿಕೊಂಡು ಬರುತ್ತಿದ್ದ. ಇಬ್ಬರೂ ಎದುರುಬದುರಾದರು.

"ಪಾಲಾಕ್ಷ..." ಎಂದ ಗುರುಮಲ್ಲಪ್ಪ.

"ಬಂದಿದೀನಿ ನೋಡಪ್ಪ, ನಿನ್ನ ಡ್ರೈವರು! ಈಗಲೂ ಹತ್ತು ಜನ ಇದಾರೆ. ಇನ್ನೊಂದು ಬಿಡ್ತೀಯೇನು ಕೆನ್ನೆಗೆ? ಬೋಲ್ಟು ಹಾಕಿದ ಕೈ ಯಾವುದು ಅಂತ ಇವರಿಗೆಲ್ಲ ಹೇಳಿದೀಯಾ? ನಿನ್ನ ಕೈ ತಪ್ಪು ಮುಚ್ಚೋಕೆ ನನ್ನ ಮಾನ ಕಳೆದೆಯಲ್ಲ, ನೀನೊಬ್ಬ ಅಣ್ಣನಾ? ನೀನು ಸತ್ತರೂ ನಾನು ಈ ಬಾಗಿಲಿಗೆ ಬರೋದಿಲ್ಲ."

ಗುರುಮಲ್ಲಪ್ಪ ಚೊಂಬನ್ನು ನೆಲಕ್ಕಿಟ್ಟು ಒಳಗೆ ಹೋದ.

ಪಾಲಾಕ್ಷನ ಬೆನ್ನ ಹಿಂದೆ ಎಂಜಿನ್ ಇನ್ನೂ ಸಣ್ಣಗೆ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ತಾನಾಗಿ ನಿಂತಿತು.

ಆಗ ಸ್ವಾಮಿಗಳು ಇಳಿದರು. ಚೊಂಬಿನ ನೀರನ್ನು ತಾವೇ ಕಾಲಿಗೆ ಹೊಯ್ದುಕೊಂಡು ಒಳಗೆ ಹೋದರು. ಪೂಜೆ ಮುಗಿಸಿ, ಪ್ರಸಾದ ತೆಗೆದುಕೊಂಡು, ಹೊರಗೆ ಬಂದು ಕಾರಿನಲ್ಲಿ ಕೂತರು. ಗುರುಮಲ್ಲಪ್ಪ ಬೀಳ್ಕೊಡಲು ಬಂದವನು ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಕಾರು ಮಠದ ದಾರಿ ಹಿಡಿಯಿತು.

"ಪಾಲಾಕ್ಷ, ನಮ್ಮ ಹಳೇ ಜೀಪಿಗೆ ಟರ್ಬೊ ಇತ್ತೇನೋ?"

"ಇರಲಿಲ್ಲ ಬುದ್ಧಿ."

"ಆಗ ನಾನು ಮನೆ ಮುಂದೆ ಬಂದ ತಕ್ಷಣ ಇಳೀತಿದ್ನಾ?"

ಪಾಲಾಕ್ಷ ನೆನೆದ. ಇಳಿಯುತ್ತಿರಲಿಲ್ಲ. ಜೀಪು ಆರಿಸಿದ ಮೇಲೂ ಮನೆಯ ಬಾಗಿಲನ್ನೇ ನೋಡುತ್ತ ಕೂತಿರುತ್ತಿದ್ದರು. ಮುಪ್ಪಿನಲ್ಲಿ ಮಂಡಿನೋವು ಇರಬೇಕು ಎಂದುಕೊಂಡಿದ್ದ.

"ಯಾಕೆ ಬುದ್ಧಿ?"

"ನಾವು ಬರ್ತಿದೀವಿ ಅಂತ ನಮಗೆ ದಾರಿಯುದ್ದಕ್ಕೂ ಗೊತ್ತಿರುತ್ತೆ. ಮನೆಯವರಿಗೆ ಗೊತ್ತಾಗೋದು ಗಾಡಿ ನಿಂತಾಗಲೇ. ಅವರೂ ಬಾಗಿಲ ತನಕ ಬರಬೇಕಲ್ಲ."

ಕಾರು ಸೇತುವೆ ದಾಟಿತು.

"ಇವತ್ತು ಚೊಂಬು ಯಾರ ಕಾಲಿಗೆ ತಂದಿದ್ದ ನಿಮ್ಮಣ್ಣ?"

"ನಿಮ್ಮ ಪಾದಕ್ಕೆ ಬುದ್ಧಿ."

"ನನ್ನ ಪಾದ ಎಡಗಡೆ ಇತ್ತು, ಶೆಡ್ಡಿನ ಕಡೆ. ನನ್ನ ಬಾಗಿಲು ಅವನಿಗೆ ಎರಡೇ ಹೆಜ್ಜೆ. ಅದನ್ನ ಬಿಟ್ಟು ಬಾನೆಟ್ಟು ಸುತ್ಕೊಂಡು ಯಾವ ಬಾಗಿಲಿಗೆ ಹೊರಟಿದ್ದ?"

ಪಾಲಾಕ್ಷ ಕಾರನ್ನು ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದ. ಅವನಿಗೆ ಕಣ್ಣು ಕಾಣಿಸುತ್ತಿರಲಿಲ್ಲ. ದೊಡ್ಡ ಗಂಡಸು, ಸ್ಟೀರಿಂಗ್ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ಸ್ವಾಮಿಗಳು ಹೊರಗಿನ ಗದ್ದೆ ನೋಡುತ್ತ ಕೂತಿದ್ದರು.

ಮಠಕ್ಕೆ ಬಂದವನೇ ಪಾಲಾಕ್ಷ ಸ್ಕ್ರೂಡ್ರೈವರ್ ತಂದು ಸ್ಟೀರಿಂಗ್ ಕೆಳಗೆ ತೂರಿಕೊಂಡ.

"ಏನು ಮಾಡ್ತಿದೀಯೋ?"

"ಈ ದರಿದ್ರ ಟೈಮರ್ ಕಿತ್ತು ಹೊಳೆಗೆ ಎಸೀತೀನಿ ಬುದ್ಧಿ."

"ಅದೇನು ತಪ್ಪು ಮಾಡ್ತು? ಕೂರೋಕೆ ನೀನು ಹೇಳಿದ್ದೆ, ಕೂತಿತ್ತು. ಇವತ್ತು ನನ್ನ ಜೊತೆ ಕೂತಿದ್ದು ಅದೊಂದೇ."

ಪಾಲಾಕ್ಷ ನಾಚಿ ಹೊರಗೆ ಬಂದ.

"ಕಾರಿಗೆ ಎಣ್ಣೆ ಬದಲಿಸೋದು ಯಾವಾಗ?" ಎಂದು ಸ್ವಾಮಿಗಳು ಕೇಳಿದರು.

"ಈ ವಾರ ಬುದ್ಧಿ. ಎಣ್ಣೆ ತಂದಿಟ್ಟಿದೀನಿ. ನಾನೇ ಬದಲಿಸ್ತೀನಿ."

"ಎಲ್ಲ ನೀನೇ ಮಾಡ್ಕೊಂಡಿದೀಯ. ಇದೊಂದು ಗ್ಯಾರೇಜಿನಲ್ಲಿ ಮಾಡಿಸೋಣ."

ಯಾವ ಗ್ಯಾರೇಜು ಎಂದು ಪಾಲಾಕ್ಷ ಕೇಳಲಿಲ್ಲ. ಆ ಕೆಳಗಿನ ಬೋಲ್ಟನ್ನು ಅಣ್ಣನ ಕೈಗೆ ಬಿಡಬೇಕು ಎಂಬುದು ಅವನಿಗೆ ಅರ್ಥವಾಗಿತ್ತು. ತಲೆಯಾಡಿಸಿದ.

ಎಣ್ಣೆ ಬದಲಿಸಲು ಸ್ವಾಮಿಗಳ ಜೊತೆ ಹೋದ ದಿನ ಅವನು ಕಾರನ್ನು ಮೆಲ್ಲಗೆ ಓಡಿಸಿದ. ಶೆಡ್ಡಿನ ತೋರಣ ಒಣಗಿತ್ತು. ಗುರುಮಲ್ಲಪ್ಪ ಒಂದು ವ್ಯಾನಿನ ಮುಂದೆ ಬಗ್ಗಿ ಕೆಲಸ ಮಾಡುತ್ತಿದ್ದ. ತಲೆಯೆತ್ತಿ ನೋಡಿದ. ಮತ್ತೆ ಬಗ್ಗಿದ.

ಪಾಲಾಕ್ಷ ಹ್ಯಾಂಡ್‌ಬ್ರೇಕ್ ಎಳೆದ. ಕೀ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. ಎಂಜಿನ್ ಓಡುತ್ತಿತ್ತು. ಅವನು ಶೆಡ್ಡಿನ ಬಾಗಿಲನ್ನೇ ನೋಡುತ್ತ ಕೂತ.

ಗುರುಮಲ್ಲಪ್ಪ ಬಟ್ಟೆಯಲ್ಲಿ ಕೈ ಒರೆಸಿಕೊಂಡ. ಬಾಗಿಲ ತನಕ ಬಂದ ಹಾಗೆ ಮಾಡಿದ. ಆಮೇಲೆ ಏನನ್ನೋ ಮರೆತವನಂತೆ ವ್ಯಾನಿನ ಬಳಿಗೇ ತಿರುಗಿ ಹೋದ.

ಟೈಮರ್ ಮುಗಿಯಿತು. ಎಂಜಿನ್ ನಿಂತಿತು.

ಪಾಲಾಕ್ಷ ಬಾಗಿಲ ಹಿಡಿಕೆಗೆ ಕೈ ಹಾಕಿದ.

ಸ್ವಾಮಿಗಳು ಅವನ ತೋಳು ಹಿಡಿದರು.

"ಎಂಜಿನ್ ತಣ್ಣಗಾಯ್ತು. ನಿಮ್ಮಣ್ಣ ಇನ್ನೂ ಆಗಿಲ್ಲ. ಕೂತ್ಕೋ."