ಗಳೇದವರ ಬಂಡೆ

ಸಂಗಳಗುಂದಿಯ ಪೂರ್ವಕ್ಕೆ, ಎರೆಹೊಲಗಳ ಸಾಲು ಹಳ್ಳವನ್ನು ಮುಟ್ಟುವಲ್ಲಿ, ನೆಲಮಟ್ಟದ ಕರಿಬಂಡೆಯೊಂದಿದೆ. ಅದರ ಮೇಲೆ ಒಂದು ನೇರ ಗೆರೆ. ಎರಡು ತುದಿಗೂ ಅಡ್ಡ ಕಚ್ಚು. ಬರಹವಿಲ್ಲ. ಇದನ್ನು ಗಳೇದವರ ಬಂಡೆ ಎನ್ನುತ್ತಾರೆ. ಗಳೇದ ಎಂಬ ಅಡ್ಡಹೆಸರಿನ ಮನೆಗಳು ಇಂದು ಸುತ್ತಲಿನ ಹನ್ನೊಂದು ಊರುಗಳಲ್ಲಿವೆ. ಎಲ್ಲಕ್ಕೂ ಮೂಲ ಇಲ್ಲಿದೆ. ಕೆಲವರು ಬಂಡೆಗೆ ಕುಂಕುಮ ಹಚ್ಚಿ ಹೋಗುತ್ತಾರೆ. ಹಚ್ಚಬಾರದು. ಇದು ದೇವರಲ್ಲ, ಅಳತೆ.

ಹಿಂದೆ ಒಮ್ಮೆ ಹಳ್ಳ ಉಕ್ಕಿ ಹೊಲಗಳ ಬದುಗಳೆಲ್ಲ ಅಳಿಸಿಹೋದವು. ಊರಿನ ಅಳತೆಗಾರ ಸೋವಣ್ಣ ತನ್ನ ಬಿದಿರಿನ ಗಳೆ ಹಿಡಿದು ಮೇಲಿನ ಹೊಲದಿಂದ ಅಳೆಯುತ್ತ ಬಂದ. ಪ್ರತಿಯೊಬ್ಬರಿಗೂ ಅವರವರ ಗಳೆಗಳನ್ನು ಎಣಿಸಿಕೊಟ್ಟ. ಸಾಲಿನ ಕೊನೆಯ ಹೊಲ ಅವನದೇ. ಅದಕ್ಕೆ ಸಲ್ಲಬೇಕಾದುದು ಎಂಟು ಗಳೆ, ಉಳಿದದ್ದು ಹತ್ತೊಂಬತ್ತು. ನೆರೆಹೊಲದ ಚಂದಗೌಡ ಎಲ್ಲರೆದುರಿಗೆ ನಕ್ಕ.

"ಗಳೆ ನಿಂದು, ಎಣಿಕಿ ನಿಂದು. ಉಳದ ಹೊಲಾನೂ ನಿಂದ ಆತೇನಪಾ?"

ಕಳ್ಳನೆನಿಸಿಕೊಂಡವನ ಗಳೆಯನ್ನು ಮುಂದೆ ಯಾರೂ ತಮ್ಮ ಹೊಲಕ್ಕೆ ಬಿಡುವುದಿಲ್ಲ, ಅದು ಸೋವಣ್ಣನಿಗೆ ತಿಳಿದಿತ್ತು. ಅವನು ನೇರ ಗುಡಿಗೆ ಹೋದ. ಮಂಟಪದ ಎರಡು ಕಂಬಗಳ ನಡುವಿನ ಅಂತರವೇ ಆ ಊರಿನ ಗಳೆಯ ಪ್ರಮಾಣ. ಪ್ರತಿ ಯುಗಾದಿಗೆ ಅಲ್ಲಿ ಗಳೆ ಹಿಡಿದು ನೋಡಬೇಕೆಂಬುದು ಕಟ್ಟಳೆ. ಸೋವಣ್ಣ ಮೂರು ಯುಗಾದಿ ನೋಡಿರಲಿಲ್ಲ. ತುದಿ ಸೀಳಿದಾಗಲೆಲ್ಲ ಕುಡುಗೋಲಿನಿಂದ ಸವರಿ, ತನ್ನ ಕಣ್ಣನ್ನೇ ನಂಬಿ ನಡೆದಿದ್ದ. ಈಗ ಹಿಡಿದು ನೋಡಿದರೆ ಒಂದು ಗೇಣು ಕಡಿಮೆ. ಪ್ರತಿ ಗಳೆಗೆ ತಪ್ಪಿದ ಆ ಗೇಣೆಲ್ಲ ಸಾಲಿನ ಕೊನೆಗೆ ಕೂಡಿತ್ತು.

ಹಳ್ಳ ಮಣ್ಣು ತಂದು ಹೊಲ ಬೆಳೆಸಿದೆ ಎಂದುಬಿಡಿರಿ, ಯಾರೂ ಕೇಳುವುದಿಲ್ಲ ಎಂದು ಹೆಂಡತಿ ಹೊನ್ನವ್ವ ಬೇಡಿಕೊಂಡಳು ಎನ್ನುತ್ತಾರೆ. ಮೂವರು ಗಂಡುಮಕ್ಕಳ ತಾಯಿ. ಅವಳ ಮಾತಿಗೂ ಕಾರಣವಿತ್ತು. ಸೋವಣ್ಣ ಕೇಳಲಿಲ್ಲ. ಮರುದಿನ ಊರವರನ್ನು ಹೊಲಕ್ಕೆ ಕರೆದು, ತುಂಡು ಗಳೆಯನ್ನು ಚಂದಗೌಡನ ಕೈಗಿತ್ತು ಹೇಳಿದ:

"ಗಳೆ ಸುಳ್ಳು ಹೇಳಿಲ್ಲ, ಗೌಡ್ರ. ಮೂರು ಯುಗಾದಿ ನಾ ಅದನ್ನ ಕೇಳಲಿಲ್ಲ."

ಕಂಬಗಳ ಅಂತರವನ್ನು ಹಗ್ಗದಲ್ಲಿ ತಂದು ಬಂಡೆಯ ಮೇಲೆ ಕೊರೆಸಿದ. ಹೊಸ ಗಳೆ ಕಡಿದು ಇಡೀ ಸಾಲನ್ನು ಮತ್ತೆ ಅಳೆದ. ಹೆಚ್ಚುವರಿ ಹನ್ನೊಂದು ಗಳೆಯೂ ಒಡೆಯರಿಗೆ ಮರಳಿತು. ಅಲ್ಲಿಗೆ ಬಿಡಬಹುದಿತ್ತು, ಬಿಡಲಿಲ್ಲ. ಹಿಂದಿನ ಮೂರು ವರ್ಷ ಆ ತುಂಡು ಗಳೆಯಿಂದ ಪಾಲು ಹಂಚಿಸಿಕೊಂಡವರ ಕೊರತೆಯನ್ನೂ ತನ್ನ ಹೊಲದಿಂದಲೇ ತುಂಬಿಕೊಟ್ಟ. ಕಡೆಗೆ ಅವನಿಗೆ ಉಳಿದದ್ದು ಒಂದು ಗಳೆಯ ಅಗಲ.

ಅದರಲ್ಲಿ ಮೂವರು ಮಕ್ಕಳು ಬದುಕುವಂತಿರಲಿಲ್ಲ. ಆದರೆ ಸುದ್ದಿ ಹರಡಿತ್ತು. ಪಾಲಿನ ಜಗಳವಿದ್ದ ಊರುಗಳು ಆ ಮನೆಯವರನ್ನೇ ಕರೆಸಿದವು. ಹಿರಿಯ ಮಕ್ಕಳಿಬ್ಬರು ಬಂಡೆಯ ಮೇಲಿಟ್ಟು ಕಡಿದ ಗಳೆ ಹೊತ್ತು ಹೋಗಿ, ಹೋದಲ್ಲೇ ನೆಲೆಸಿದರು. ಅವರ ಮಕ್ಕಳು ಇನ್ನೂ ಮುಂದೆ ಹೋದರು. ಎಲ್ಲಿದ್ದರೂ ಜನ ಅವರನ್ನು ಗಳೇದವರು ಎಂದರು. ಅದೇ ಮನೆತನದ ಹೆಸರಾಯಿತು.

ಕಿರಿಯವನ ವಂಶ ಇಲ್ಲಿಯೇ ಇದೆ. ಬಂಡೆಯ ಪಕ್ಕದ ಆ ಪಟ್ಟಿಯಲ್ಲಿ ಎತ್ತು ಹೂಡಿದರೆ ತಿರುಗಿಸಲು ಜಾಗ ಸಾಲದು. ಅದಕ್ಕಾಗಿ ಚಂದಗೌಡನ ಮನೆಯವರು ತಮ್ಮ ಹೊಲದ ಅಂಚನ್ನು ಬಿತ್ತದೆ ಬಿಡುತ್ತ ಬಂದಿದ್ದಾರೆ. ನೋಡಬಂದವರಿಗೆ ಬೆಳೆಯ ನಡುವೆ ಆ ಬರಿನೆಲ ಇಂದಿಗೂ ಕಾಣುತ್ತದೆ. ಅದು ಎಷ್ಟಿದೆ ಎಂದು ಇದುವರೆಗೆ ಯಾರೂ ಅಳೆದಿಲ್ಲ.