ಮಳೆಯಲ್ಲಿ ನೀರೆತ್ತಿದ ರೈತ

“ಹಜರತ್, ಬೆಳೆಯಲ್ಲಿ ಬಡವರಿಗೆ ಕೊಡುವ ಪಾಲನ್ನು ದಾನ ಎನ್ನದೆ ಅವರ ಹಕ್ಕು ಎಂದು ಏಕೆ ಹೇಳಿದ್ದಾರೆ?”

ಕೇಳಿದವನು ದಾವಲ. ಮೌಲಾನಾ ಖೈರುದ್ದೀನ್ ಸಾಹೇಬರ ಬಳಿ ಹೊಸದಾಗಿ ಓದಲು ಬಂದವನು. ಹೊಲಮನೆ ಚೆನ್ನಾಗಿರುವವರ ಮಗ. ಪ್ರತಿ ಸುಗ್ಗಿಯಲ್ಲೂ ತನ್ನ ತಂದೆ ಕಣದಲ್ಲೇ ಬಡವರ ಪಾಲನ್ನು ತೆಗೆದಿಡುವುದನ್ನು ನೋಡುತ್ತಾ ಬೆಳೆದಿದ್ದ. ಗುರು ಉತ್ತರಿಸುವ ಮೊದಲೇ ಅವನು ಮತ್ತೆ ಹೇಳಿದ: “ದಾನ ಎಂದರೆ ಕೊಡುವವನಿಗೂ ಒಂದು ಸಂತೋಷ. ಹಕ್ಕು ಎಂದುಬಿಟ್ಟರೆ ಅವನ ಒಳ್ಳೆಯ ಮನಸ್ಸಿಗೆ ಬೆಲೆ ಎಲ್ಲಿ ಉಳಿಯಿತು?”

“ನಿನ್ನ ತಂದೆಯ ಮನಸ್ಸು ಒಳ್ಳೆಯದೇ, ಅದರ ಬಗ್ಗೆ ನನ್ನ ತಕರಾರಿಲ್ಲ” ಎಂದರು ಮೌಲಾನಾ. “ಕುಳಿತುಕೋ. ಒಬ್ಬ ರೈತನ ಕತೆ ಹೇಳುತ್ತೇನೆ.”

ಅವರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನಿಗೆ ಒಂದು ಎರೆಹೊಲ, ಹೊಲದ ಮಗ್ಗುಲಲ್ಲಿ ಒಂದು ಬಾವಿ. ಆ ಊರಿನವರು ಬೆಳೆ ಕೈಗೆ ಬಂದಾಗ ದೀನಿನ, ಅಂದರೆ ಧರ್ಮದ, ಕಟ್ಟಳೆಯಂತೆ ಪಾಲು ತೆಗೆಯುತ್ತಿದ್ದರು. ಮಳೆಯ ನೀರಿನಲ್ಲಿ ಬೆಳೆದದ್ದಕ್ಕೆ ಹತ್ತರಲ್ಲಿ ಒಂದು ಪಾಲು. ಬಾವಿಯಿಂದ ನೀರೆತ್ತಿ ಬೆಳೆದದ್ದಕ್ಕೆ ಇಪ್ಪತ್ತರಲ್ಲಿ ಒಂದು. ಎರಡೂ ನೀರು ಹರಿದಿದ್ದರೆ ಯಾವುದು ಹೆಚ್ಚೋ ಆ ಲೆಕ್ಕ. ಮಳೆ ಯಾರ ದುಡಿಮೆಯೂ ಅಲ್ಲ. ನೀರೆತ್ತುವವನ ರಟ್ಟೆ ಸೋಲುತ್ತದೆ, ಆದ್ದರಿಂದ ಅವನಿಗೆ ಅರ್ಧ ಬಿಟ್ಟರು. ದಾವಲ, ಈ ಲೆಕ್ಕವನ್ನು ನೆನೆದಾಗಲೆಲ್ಲ ನನ್ನ ಮನಸ್ಸು ತುಂಬಿ ಬರುತ್ತದೆ. ರಾಜರು ಕಂದಾಯ ಹಾಕುವಾಗ ರೈತನ ಬೆವರನ್ನು ಕಳೆದು ಲೆಕ್ಕ ಹಾಕಿದ್ದನ್ನು ನೀನು ಎಲ್ಲಾದರೂ ಕೇಳಿದ್ದೀಯಾ?

ಪಾಲು ಅಳೆಯಲು ಊರವರು ಒಬ್ಬ ಹಿರಿಯನನ್ನು ನೇಮಿಸಿದ್ದರು. ಆ ಕಾಳು ಉಗ್ರಾಣ ಸೇರುತ್ತಿರಲಿಲ್ಲ, ಊರು ಬಿಟ್ಟೂ ಹೋಗುತ್ತಿರಲಿಲ್ಲ. ಮಸೀದಿಯ ಅಂಗಳದಲ್ಲಿ ರಾಶಿ ಹಾಕುವರು, ಮನೆಯಲ್ಲಿ ಕಾಳಿಲ್ಲದವರಿಗೆಲ್ಲ ಹಂಚುವರು, ಅಂಗಳ ಗುಡಿಸಿ ಮನೆಗೆ ಹೋಗುವರು.

ಈ ರೈತ ಕೆಟ್ಟವನಲ್ಲ. ನಮಾಜು ತಪ್ಪಿಸುವವನಲ್ಲ, ಯಾರ ಬದುವನ್ನೂ ಒತ್ತಿದವನಲ್ಲ. ಆದರೆ ಕಣದಲ್ಲಿ ಹತ್ತನೆಯ ಪಾಲು ಬೇರೆಯಾಗುವಾಗ ಅವನು ಹೋಗುವ ಒಂದೊಂದು ಸೇರನ್ನೂ ಮನಸ್ಸಿನಲ್ಲೇ ಎಣಿಸುತ್ತಿದ್ದ. ಆ ರಾಶಿಯಿಂದ ಕಾಳು ಪಡೆಯುತ್ತಿದ್ದ ಒಬ್ಬ ವಿಧವೆ ಅವನ ಓಣಿಯಲ್ಲೇ ಇದ್ದಳು. ಅವಳ ಮನೆಯಿಂದ ಹೊಗೆ ಎದ್ದಾಗಲೆಲ್ಲ ಒಳಗೆ ಬೇಯುತ್ತಿರುವುದು ತನ್ನ ಸಜ್ಜೆಯೇ ಎಂದು ಅವನಿಗೆ ಅನಿಸುತ್ತಿತ್ತು. ಹಾಗೆ ಅನಿಸಿದ ದಿನ ಅವನಿಗೆ ತನ್ನ ಊಟವೂ ರುಚಿಸುತ್ತಿರಲಿಲ್ಲ.

ಒಂದು ವರ್ಷ ಅವನಿಗೊಂದು ಉಪಾಯ ಹೊಳೆಯಿತು. ಬಾವಿ ಇದ್ದೇ ಇದೆ. ಏತ ಹೂಡಿ ನೀರು ಹಾಯಿಸಿದರೆ ಈ ಹೊಲ ನೀರೆತ್ತಿ ಬೆಳೆದ ಹೊಲವಾಗುತ್ತದೆ, ಪಾಲು ಅರ್ಧಕ್ಕೆ ಇಳಿಯುತ್ತದೆ. ಸುಳ್ಳು ಹೇಳಿದಂತೆಯೂ ಆಗುವುದಿಲ್ಲ. ಮನೆಯ ಹಗೇವಿನಲ್ಲಿದ್ದ ಹಳೆಯ ಕಾಳನ್ನು ಮಾರಿ ಬಡಿಗನನ್ನು ಕರೆಸಿದ. ಹೊಸ ಕಂಬ, ಹೊಸ ತೊಲೆ, ಹೊಸ ಹಗ್ಗ. ಉಳಿಸಲು ಹೊರಟವನ ಖರ್ಚನ್ನು ನೋಡು!

ಅವನ ದುರದೃಷ್ಟಕ್ಕೆ ಆ ವರ್ಷ ಮಳೆ ಬಹಳ ಚೆನ್ನಾಗಿ ಬಂತು. ಹದವಾಗಿ ಬಂತು, ಬಿಡುವು ಕೊಟ್ಟು ಬಂತು. ಬೇರೆಯವರು ಬಾವಿಯ ಕಡೆ ತಲೆ ಹಾಕದೆ ಸುಖವಾಗಿದ್ದರು. ಈ ರೈತನಿಗೆ ಮಾತ್ರ ನೆಮ್ಮದಿ ಇಲ್ಲ. ಮಳೆ ಎಷ್ಟು ಸುರಿಯಿತೋ ಅದಕ್ಕಿಂತ ಹೆಚ್ಚು ನೀರನ್ನು ಅವನು ಎತ್ತಬೇಕು, ಇಲ್ಲದಿದ್ದರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಅವನು ಬಿಸಿಲಿನಲ್ಲಿ ಎತ್ತಿದ, ಮೋಡದಲ್ಲಿ ಎತ್ತಿದ, ಕೊನೆಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಸುರಿಯುವ ಮಳೆಯಲ್ಲೂ ಎತ್ತಿದ.

ಪಕ್ಕದ ಹೊಲದವನು ಇದನ್ನು ನೋಡಿ ಬದುವಿನ ಮೇಲೆ ನಿಂತ.

“ಏನಪಾ, ಮ್ಯಾಲಿನಾಂವ ಸುರಿಯೂದು ನಿನಗ ಸಾಲವಲ್ದೇನು?”

“ನಮ್ಮ ಹೊಲದ ಮ್ಯಾಲ ಮಳಿ ಸ್ವಲ್ಪ ಕಡಿಮಿ ಬೀಳತೈತಿ” ಎಂದ ರೈತ. ಅವನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು.

ಊರೆಲ್ಲ ನಕ್ಕಿತು. ಏತ ನಿಲ್ಲಲಿಲ್ಲ.

ಎರೆಮಣ್ಣು ಒಮ್ಮೆ ಕುಡಿದ ನೀರನ್ನು ಬೇಗ ಬಿಡುವುದಿಲ್ಲ. ಹೊಲ ಕೆಸರಾಯಿತು. ಸಜ್ಜೆಯ ಬೇರು ಕೊಳೆಯಿತು. ಗರಿ ಹಳದಿಯಾಯಿತು, ತೆನೆ ಜೊಳ್ಳಾಯಿತು. ಸುತ್ತಲಿನ ಹೊಲಗಳೆಲ್ಲ ತುಂಬಿ ನಿಂತಿದ್ದ ವರ್ಷದಲ್ಲಿ ಅವನೊಬ್ಬನ ಹೊಲ ಮಲಗಿಬಿಟ್ಟಿತು.

ಸುಗ್ಗಿಯಲ್ಲಿ ಹಿರಿಯ ಅವನ ಕಣಕ್ಕೂ ಬಂದ. ಇಂತಿಷ್ಟಕ್ಕಿಂತ ಕಡಿಮೆ ಬೆಳೆದವನು ಪಾಲು ಕೊಡಬೇಕಾಗಿಲ್ಲ ಎಂಬ ನಿಯಮ ಉಂಟಷ್ಟೆ. ಕಣದಲ್ಲಿದ್ದ ಕಾಳನ್ನು ನೋಡಿ, ನಿನ್ನಿಂದ ಏನೂ ಬರಬೇಕಾಗಿಲ್ಲ ಎಂದು ಹೇಳಿ ಹಿರಿಯ ಮುಂದೆ ಹೋದ. ಹತ್ತರಲ್ಲಿ ಒಂದೂ ಇಲ್ಲ, ಇಪ್ಪತ್ತರಲ್ಲಿ ಒಂದೂ ಇಲ್ಲ. ಅವನು ಬಯಸಿದ್ದಕ್ಕಿಂತ ಹೆಚ್ಚೇ ಉಳಿಯಿತು ಎನ್ನಬೇಕು.

ಹಗೇವು ಮೊದಲೇ ಖಾಲಿಯಾಗಿತ್ತು. ಸ್ವಲ್ಪ ದಿನಕ್ಕೇ ಕಣದ ಕಾಳೂ ಮುಗಿಯಿತು. ಮಕ್ಕಳು ಹಸಿದರು. ನೆರೆಯ ಊರಿನ ಒಬ್ಬ ವ್ಯಾಪಾರಿ ಇಂಥ ಸಮಯಕ್ಕೇ ಕಾದಿರುತ್ತಿದ್ದ. ಈಗ ಒಂದು ಚೀಲ ಕೊಡುವನು, ಮುಂದಿನ ಸುಗ್ಗಿಗೆ ಎರಡು ಚೀಲ ಕೇಳುವನು. ರೈತ ಅವನ ಬಳಿ ಹೊರಡಲು ಎದ್ದ. ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ಆ ಬಡ್ಡಿ ಕಾಳು ನನ್ನ ಒಲಿ ಮ್ಯಾಲ ಬೇಯೂದಿಲ್ಲ. ನಾಳೆ ಮಸೂತಿ ಅಂಗಳದಾಗ ಹಂಚತಾರ. ನೀ ಹೋಗು, ಇಲ್ಲಾಂದ್ರ ನಾ ಹೋಗತೀನಿ” ಎಂದಳು.

ಮರುದಿನ ರೈತ ಬುಟ್ಟಿ ಹಿಡಿದು ಸಾಲಿನ ಕೊನೆಯಲ್ಲಿ ನಿಂತ. ಅವನನ್ನು ನೋಡಿದ ಜನ ಸುಮ್ಮನಿರಲಿಲ್ಲ. ಬಡವರ ಪಾಲನ್ನು ಕಡಿಮೆ ಮಾಡಲು ಮಳೆಯಲ್ಲಿ ನೀರೆತ್ತಿದವನು ಇವನೇ ಅಲ್ಲವೇ ಎಂದರು. ಇವನ ಪಾಲು ಬಾರದೆ ರಾಶಿ ಅಷ್ಟರ ಮಟ್ಟಿಗೆ ಚಿಕ್ಕದಾಗಿದೆ, ಇನ್ನು ಇವನೂ ಅದರಲ್ಲೇ ಉಣ್ಣಬೇಕೇ ಎಂದರು. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ರೈತ ತಲೆ ತಗ್ಗಿಸಿದ. ಭೂಮಿ ಬಾಯ್ಬಿಟ್ಟಿದ್ದರೆ ಅವನು ಸಂತೋಷವಾಗಿ ಒಳಗೆ ಇಳಿದುಬಿಡುತ್ತಿದ್ದ.

ಹಿರಿಯ ಕೈಯಲ್ಲಿದ್ದ ಸೇರನ್ನು ಕೆಳಗಿಟ್ಟ.

“ಇಲ್ಲಿ ಕೇಳೂದು ಒಂದ ಮಾತು. ಮನ್ಯಾಗ ಕಾಳು ಅದಾವೋ ಇಲ್ಲೋ. ಅಂವ ಮಾಡಿದ್ದರ ಲೆಕ್ಕ ಅಲ್ಲಾಹ ನೋಡ್ಕೋತಾನ. ಬುಟ್ಟಿ ಮುಂದ ತಾ.”

ರೈತ ಕದಲಲಿಲ್ಲ. “ನಾ ಇದಕ್ಕ ಯೋಗ್ಯ ಅಲ್ರೀ” ಎಂದ.

“ಯೋಗ್ಯತಾ ಅಳಿಯೂ ಸೇರು ನನ್ನ ಕಡೆ ಇಲ್ಲಪಾ. ಕಾಳು ಅಳಿಯೂದು ಅಷ್ಟ ಐತಿ” ಎಂದ ಹಿರಿಯ.

ಬುಟ್ಟಿ ಒಂದು ಹೆಚ್ಚಾದ್ದರಿಂದ ಎಲ್ಲರ ಪಾಲೂ ಸ್ವಲ್ಪ ಇಳಿಯಿತು. ವಿಧವೆ ಅಲ್ಲೇ ಇದ್ದಳು. ಇವನ ಏತದ ಕತೆ ಅವಳಿಗೂ ಗೊತ್ತಿತ್ತು. ಅವಳು ಏನನ್ನುತ್ತಾಳೋ ಎಂದು ಜನ ಅವಳ ಮುಖ ನೋಡಿದರು. ಅವಳು ತನ್ನ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ರೈತನಿಗೆ ಜಾಗ ಮಾಡಿದಳು.

“ಇದರಾಗ ಅವನ ಮಕ್ಕಳ ಪಾಲೂ ಐತಿ. ಅದನ್ನ ನಾ ತಿಂದ್ರ ನನಗ ಅರಗೂದಿಲ್ಲ” ಎಂದಳು.

ರೈತ ಕಾಳು ಹೊತ್ತು ಮನೆಗೆ ಹೋದ. ಅಂದು ಅವನ ಮಕ್ಕಳು ಹೊಟ್ಟೆ ತುಂಬ ಉಂಡರು. ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತು ಅತ್ತ.

ಮೌಲಾನಾ ಇಲ್ಲಿಗೆ ನಿಲ್ಲಿಸಿದರು. ದಾವಲನ ಕಣ್ಣೂ ಒದ್ದೆಯಾಗಿತ್ತು.

“ಎಷ್ಟು ದೊಡ್ಡ ಮನಸ್ಸು ಆ ತಾಯಿಯದು, ಹಜರತ್! ಅವಳಿಂದ ಆ ಮಕ್ಕಳು ಉಂಡರು” ಎಂದ.

“ದೊಡ್ಡ ಮನಸ್ಸೇ, ಆದರೆ ಅದು ಹಕ್ಕಾದ್ದರಿಂದ ಅವಳ ಮನಸ್ಸು ಸಣ್ಣದಾಗಿದ್ದರೂ ಆ ಮಕ್ಕಳು ಉಣ್ಣುತ್ತಿದ್ದರು” ಎಂದರು ಮೌಲಾನಾ.