ಹೇಸಿಗಿ ಬಂಡೆ

ಗೋಣಿಮರಡಿ ಊರಿನಿಂದ ಪಡುವಣಕ್ಕೆ ಒಂದು ಹರದಾರಿ ನಡೆದರೆ, ಎರೆಹೊಲಗಳು ಮುಗಿದು ಹುಲ್ಲುಗಾವಲು ತೊಡಗುವಲ್ಲಿ, ದೊಡ್ಡದೊಂದು ಬಂಡೆ ಮುಂದಕ್ಕೆ ಬಾಗಿ ನಿಂತಿದೆ. ಅದರ ನೆರಳಿನಲ್ಲಿ ನೂರು ಕುರಿ ಮಲಗಬಹುದು. ರಸ್ತೆಯ ಬದಿಗೆ ಹಾಕಿರುವ ಹಲಗೆಯಲ್ಲಿ ‘ಚಿತ್ರಬಂಡೆ’ ಎಂದು ದುಂಡಗೆ ಬರೆದಿದೆ. ಆದರೆ ಊರಲ್ಲಿ ಚಿತ್ರಬಂಡೆ ಎಲ್ಲಿ ಎಂದು ಕೇಳಿ ನೋಡಿ, ಯಾರೂ ದಾರಿ ತೋರಿಸುವುದಿಲ್ಲ. ಹೇಸಿಗಿ ಬಂಡೆ ಎಂದರೆ ಎಳೆಯ ಮಕ್ಕಳೂ ಕೈ ಎತ್ತಿ ತೋರಿಸುತ್ತವೆ. ಹೆಸರು ಕೇಳಿ ಮೂಗು ಮುಚ್ಚಿಕೊಂಡು ಬಂದವರು ಅಲ್ಲಿ ನಿಂತು ಸುತ್ತಲೂ ನೋಡುತ್ತಾರೆ. ಕಸವಿಲ್ಲ, ನಾತವಿಲ್ಲ, ಗಾಳಿ ಬೀಸಿದರೆ ಒಣಹುಲ್ಲಿನ ವಾಸನೆ, ಅಷ್ಟೆ. ಬಂಡೆಯ ಮೈಮೇಲೆ ಮಂಚದುದ್ದದ, ಮೈತುಂಬ ಚುಕ್ಕೆಯಿರುವ ಒಂದು ಪ್ರಾಣಿ ಇದೆ, ಕೆಮ್ಮಣ್ಣು, ಹಳದಿಯ ಹರಿದಾಳ, ಕಾಡಿಗೆಯಲ್ಲಿ ಬರೆದದ್ದು. ಅದರ ಒಂದೊಂದು ಚುಕ್ಕೆಯೂ ನಿನ್ನೆ ಇಟ್ಟ ಹಾಗಿದೆ. ಅದರ ಮುಂದೆ ಒಂದು ಹಾಸುಗಲ್ಲು, ನಾಲ್ಕು ಜನ ಕೂತು ಬುತ್ತಿ ಬಿಚ್ಚುವಷ್ಟು ನುಣುಪಾದದ್ದು. ಅದರ ಮೇಲೆ ಊರಿನವರು ಯಾರೂ ಕೂರುವುದಿಲ್ಲ. ಹಾದುಹೋಗುವಾಗ ಅದರ ಮೇಲೆ ಒಮ್ಮೆ ಉಗುಳಿ ಮುಂದೆ ಹೋಗುತ್ತಾರೆ. ಪ್ರಾಣಿಯ ಮುಖದ ಮಾತು ಆಮೇಲೆ ಬರುತ್ತದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಪ್ಪೇನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಕೋಟೆ ಸಣ್ಣದು, ಮೀಸೆ ದೊಡ್ಡದು. ಅವನಿಗೆ ಬೇಟೆಯ ಹುಚ್ಚು. ಜಿಂಕೆ ಹಿಡಿಯಲೆಂದು ಒಂದು ಶಿವಂಗಿಯನ್ನು ಸಾಕಿಸಿದ್ದ. ಶಿವಂಗಿ ಎಂದರೆ ಚಿರತೆಯಲ್ಲ, ಈಗಿನವರು ಚೀತಾ ಎನ್ನುವ ಪ್ರಾಣಿ. ನಾಯಿಯಂಥ ಉದ್ದ ಕಾಲು, ಮುಷ್ಟಿಯಲ್ಲಿ ಹಿಡಿಯುವಂಥ ನಡು, ಕಣ್ಣಿನ ಮೂಲೆಯಿಂದ ಬಾಯಿಯವರೆಗೆ ಅತ್ತು ಒಣಗಿದಂಥ ಒಂದೊಂದು ಕಪ್ಪು ಗೆರೆ. ಈಗ ನಮ್ಮ ನಾಡಿನಲ್ಲಿ ಆ ಪ್ರಾಣಿ ಇಲ್ಲ. ನಾಯಕನ ಊರಿನಲ್ಲೇ ಗೂಳಪ್ಪನೆಂಬ ಚಿತ್ರಗಾರನಿದ್ದ. ದೇವರ ಮೂರ್ತಿಗಳಿಗೆ ಬಣ್ಣ ಹಾಕುವುದು, ಗುಡಿಯ ಗೋಡೆಗೆ ಚಿತ್ರ ಬರೆಯುವುದು ಅವನ ಮನೆತನದ ಕಸುಬು. ಆ ಮನೆತನದಲ್ಲಿ ಒಂದು ಕಟ್ಟಳೆ. ಚಿತ್ರವೆಲ್ಲ ಮುಗಿದ ಮೇಲೆ ಕೊನೆಗೆ ಕಣ್ಣು ಬರೆಯಬೇಕು, ಆಗ ಬರೆಸಿದವನು ಮಿಂದು ಬಂದು ಎದುರಿಗೆ ನಿಲ್ಲಬೇಕು. ತೆರೆದ ಕಣ್ಣಿನ ಮೊದಲ ನೋಟ ಅವನ ಮೇಲೆ ಬೀಳಬೇಕು. ಅವನು ಬರಲಾಗದಿದ್ದರೆ ಚಿತ್ರಗಾರನೇ ನಿಲ್ಲಬೇಕು. ಎದುರಿಗೆ ಯಾರೂ ಇಲ್ಲದೆ ತೆರೆದ ಕಣ್ಣು ಊರಿಗೇ ಕೇಡು. ಒಳ್ಳೆಯವನಿಗೆ ಆ ನೋಟ ವರ, ಕೆಟ್ಟವನಿಗೆ ಉರಿ ಎನ್ನುತ್ತಾರೆ. ಊರಮ್ಮನ ಮೂರ್ತಿಗೆ ಗೂಳಪ್ಪ ಕಣ್ಣು ಬರೆದಾಗ ಬೊಪ್ಪೇನಾಯಕ ಎದೆಯುಬ್ಬಿಸಿ ಎದುರಿಗೆ ನಿಂತಿದ್ದ.

ನಾಯಕ ತನ್ನ ಚಾವಡಿಯ ಗೋಡೆಗೆ ಶಿವಂಗಿಯ ಚಿತ್ರ ಬರೆಸಿದ. ಗೂಳಪ್ಪ ತನಗೆ ಬರುವ ಹಾಗೆ ಬರೆದ. ದೇವಿಯ ಸೀರೆಗೆ ಬುಟ್ಟಾ ಹಾಕಿ ರೂಢಿಯಾದ ಕೈ. ಸಾಲು ಹಿಡಿದು, ಅಳತೆ ತಪ್ಪದ ಹಾಗೆ, ಮೈತುಂಬ ಹೂವಿನಂಥ ಚುಕ್ಕೆಗಳನ್ನಿಟ್ಟ. ಊರಿನವರು ಭೇಷ್ ಎಂದರು. ಆದರೆ ನೆರೆಸೀಮೆಯಿಂದ ಬೇಟೆಗೆ ಬಂದ ಒಬ್ಬ ಬೀಗ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಏನ್ ನಾಯಕರ, ನಿಮ್ಮೂರಾಗ ಕೌದಿಗೆ ಕಾಲು ಬಂದಾವಲ್ಲ!’ ಅಂದ. ತನ್ನ ಹತ್ತಿರ ಒಂದು ಚಿತ್ರದ ಕಟ್ಟು ಇದೆ, ಬಡಗಣದಿಂದ ಬಂದವನು ಬರೆದದ್ದು, ಅದರಲ್ಲಿ ಹಾವಿನ ಮೈಮೇಲಿನ ಮಂಡಲ, ಕೌಜುಗದ ರೆಕ್ಕೆಯ ಗೆರೆ, ಕಪ್ಪೆಯ ಬೆನ್ನಿನ ಮಚ್ಚೆ ಇದ್ದದ್ದು ಇದ್ದ ಹಾಗೇ ಇವೆ ಎಂದೂ ಹೇಳಿದ. ನಾಯಕನ ಮುಖ ಕಪ್ಪಿಟ್ಟಿತು. ಅವನಿಗಿಂತ ಹೆಚ್ಚು ಉರಿದವನು ಬಾಗಿಲ ಬಳಿ ನಿಂತಿದ್ದ ಗೂಳಪ್ಪ. ಏಳು ತಲೆಮಾರಿನ ಕೈಗೆ ಚಿಂದಿ ಹೊಲಿದ ಕೌದಿಯ ಹೆಸರು ಬಂತಲ್ಲ ಎಂದು ಅವನಿಗೆ ಆ ದಿನ ಅನ್ನ ಸೇರಲಿಲ್ಲ. ‘ಬಯಲಿನ ಬಂಡೆ ಮ್ಯಾಲ ಬರೀತೀನಿ, ಹೋಗೂ ಬರೂ ಮಂದಿ ಎಲ್ಲ ನೋಡ್ಲಿ. ಒಂದ ಚುಕ್ಕಿ ತಪ್ಪಿದ್ರ ಕುಂಚ ಮುಟ್ಟೂದಿಲ್ಲ’ ಎಂದು ನಾಯಕನ ಮುಂದೆ ಆಣೆ ಇಟ್ಟ. ಅವನನ್ನು ಯಾರೂ ಬೆದರಿಸಲಿಲ್ಲ. ಇದನ್ನು ನೆನಪಿನಲ್ಲಿಡಬೇಕು.

ಶಿವಂಗಿಯನ್ನು ನೋಡಿಕೊಳ್ಳುತ್ತಿದ್ದವಳು ಕೆಂಚವ್ವ. ಅದನ್ನು ಪಳಗಿಸಿದ ಗಂಡ ತೀರಿಹೋದ ಮೇಲೆ ಅದು ಬೇರೆ ಯಾರ ಕೈಯಿಂದಲೂ ತಿನ್ನದೆ, ಆ ಕೆಲಸ ಅವಳಿಗೇ ಬಂದಿತ್ತು. ಅವಳು ಅದನ್ನು ಸಂಪಿ ಎಂದು ಕರೆಯುತ್ತಿದ್ದಳು. ಮಕ್ಕಳಿಲ್ಲದ ಹೆಂಗಸು; ಸಂಪಿ ಉಣ್ಣದೆ ತಾನು ಉಣ್ಣುತ್ತಿರಲಿಲ್ಲ ಎನ್ನುತ್ತಾರೆ. ಗೂಳಪ್ಪ ಹನ್ನೆರಡು ದಿನ ಅವಳ ಕೊಟ್ಟಿಗೆಯಲ್ಲಿ ಕೂತ. ಮೊದಲ ದಿನವೇ ಅವನಿಗೆ ತಾನೆಷ್ಟು ಕುರುಡನಾಗಿದ್ದೆ ಎಂದು ಗೊತ್ತಾಯಿತು. ಆ ಚುಕ್ಕೆಗಳು ಹೂವಲ್ಲ. ಬೆನ್ನಿನ ಮೇಲೆ ದಟ್ಟ, ಪಕ್ಕೆಗೆ ಬಂದಂತೆ ದೊಡ್ಡವು, ಹೊಟ್ಟೆಯ ಕಡೆ ಮಾಸಿ ಬಿಳುಪಿನಲ್ಲಿ ಕರಗುವಂಥವು. ಒಂದರಂತೆ ಒಂದಿಲ್ಲ, ಎಡಗಡೆಯಂತೆ ಬಲಗಡೆ ಇಲ್ಲ. ಬಲಭುಜದ ಮೇಲೆ ಎರಡು ಚುಕ್ಕೆ ಕೂಡಿ ಹುಣಿಸೆಬೀಜದ ಹಾಗೆ ಒಂದಾಗಿದ್ದವು. ಕೆಂಚವ್ವ ಅಲ್ಲಿ ಬೆರಳಿಟ್ಟು ತೀಡಿದರೆ ಸಂಪಿ ಕಣ್ಣು ಮುಚ್ಚಿ ಗೊರಗೊರ ಎನ್ನುತ್ತಿತ್ತು. ಆದರೆ ಅದು ಒಂದು ಗಳಿಗೆ ಸುಮ್ಮನಿರದು. ಉಸಿರೆಳೆದರೆ ಪಕ್ಕೆಯ ಚುಕ್ಕೆ ಸರಿಯಿತು, ಕಾಲು ಮಡಿಸಿದರೆ ಭುಜದ್ದು ಮಾಯವಾಯಿತು. ಗೂಳಪ್ಪ ಬಂಡೆಯ ಮೇಲೆ ಗೆರೆ ಎಳೆಯುವುದು, ಅಳಿಸುವುದು, ಮತ್ತೆ ಕೊಟ್ಟಿಗೆಗೆ ಓಡುವುದು. ದೇವರನ್ನು ಬರೆದವನಿಗೆ ಉಸಿರಾಡುವುದನ್ನು ಬರೆದು ಗೊತ್ತಿಲ್ಲ.

ಹದಿಮೂರನೆಯ ದಿನ ನಾಯಕ ಬಂಡೆಯ ಬಳಿ ಬಂದ. ಅಲ್ಲಿ ಬೆನ್ನಿನ ಒಂದು ಗೆರೆ ಬಿಟ್ಟರೆ ಏನೂ ಇರಲಿಲ್ಲ. ಆಣೆ ಏನಾಯಿತು ಎಂದು ಕೇಳಿದ. ಗೂಳಪ್ಪನಿಗೆ ಅವಮಾನ, ಸಿಟ್ಟು ಎರಡೂ ಒಟ್ಟಿಗೆ ಬಂದವು. ಚಿತ್ರಗಾರರ ಮನೆಯಲ್ಲಿ ಅಪ್ಪ ಮಗನಿಗೆ ಹೇಳಿಕೊಡುವ ಮಾತು ಅವನ ಬಾಯಿಂದ ತಾನಾಗಿ ಬಂತು.

‘ನಮ್ಮ ಕಸುಬು ಮಿಸುಕದ್ದನ್ನ ಬರೆಯೂದು, ಧಣಿ. ಮಿಸುಕಲಿಲ್ಲ ಅಂದ್ರ ಮೂರ ದಿನದಾಗ ಬರದು ಕೊಡತೀನಿ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಯಕ ‘ಅಷ್ಟ ಹೌದಲ್ಲೊ?’ ಎಂದು ನಕ್ಕು ಕುದುರೆ ಹತ್ತಿದ. ಆ ನಗೆಯ ಅರ್ಥ ಗೂಳಪ್ಪನಿಗೆ ಆಗಲೇ ಹೊಳೆದಿತ್ತು ಎಂದು ಕೆಲವರು, ಹೊಳೆಯಲಿಲ್ಲ ಎಂದು ಕೆಲವರು ಹೇಳುತ್ತಾರೆ. ಹೊಳೆದಿದ್ದರೆ ಓಡಿಹೋಗಿ ಕೆಂಚವ್ವನಿಗೆ ಹೇಳಬಹುದಿತ್ತು. ಅವನು ಹೋಗಲಿಲ್ಲ, ಕೂತು ಬಣ್ಣ ಅರೆದ.

ಮರುದಿನ ಬೆಳಿಗ್ಗೆ ಮಾಂಸ ತರಲೆಂದು ಕೆಂಚವ್ವನನ್ನು ದೂರದ ಹಟ್ಟಿಗೆ ಅಟ್ಟಿದರು. ಅವಳು ಅತ್ತ ಹೋದ ಮೇಲೆ, ತೊಗಲು ಕೆಡಬಾರದೆಂದು ಹಗ್ಗದಲ್ಲಿ ಕುತ್ತಿಗೆ ಬಿಗಿದು ಸಂಪಿಯನ್ನು ಕೊಂದರು. ತಂದು ಬಂಡೆಯ ಮುಂದಿನ ಹಾಸುಗಲ್ಲಿನ ಮೇಲೆ ಬಲಮಗ್ಗುಲು ಮೇಲಾಗಿ ಮಲಗಿಸಿ, ಓಡುವ ಭಂಗಿಗೆ ಕಾಲುಗಳನ್ನು ಚಾಚಿಸಿ ಗೂಟಕ್ಕೆ ಕಟ್ಟಿದರು. ಗೂಳಪ್ಪ ಬಂದು ನೋಡಿದ. ‘ಈಗ ಮಿಸುಕೂದಿಲ್ಲ. ಬರಿ’ ಎಂದ ನಾಯಕ. ಎದ್ದು ಹೋಗಲು ದಾರಿ ಇತ್ತು, ಕಾಲೂ ಇದ್ದವು. ಆದರೆ ಎದುರಿಗಿದ್ದ ಮೈಮೇಲೆ ಹನ್ನೆರಡು ದಿನ ಕೈಗೆ ಸಿಗದೆ ಕಾಡಿದ ಚುಕ್ಕೆಗಳೆಲ್ಲ ನಿಂತುಬಿಟ್ಟಿದ್ದವು. ಗೂಳಪ್ಪ ದಾರ ತೆಗೆದು ಅಳತೆ ಹಿಡಿದ.

ಅದು ಬೇಸಿಗೆ. ಮೊದಲ ದಿನ ನೊಣಗಳು ಬಂದವು. ಎರಡನೆಯ ದಿನ ಹೊಟ್ಟೆ ಊದಿ ಚುಕ್ಕೆಗಳ ನಡುವಿನ ಅಂತರವೇ ಹಿಗ್ಗಿತು. ನಿನ್ನೆ ಹಿಡಿದ ದಾರದ ಗಂಟು ಇಂದು ಸಾಲದಾಯಿತು. ಮೂಗಿನಿಂದ, ಬಾಯಿಯಿಂದ ಕಂದು ನೀರು ಇಳಿದು ಕಲ್ಲಿನ ಸಂದಿಯಲ್ಲಿ ನಿಂತಿತು. ಕಾವಲಿನವರು ಗಾಳಿಯ ಮೇಲ್ಗಡೆಗೆ ಸರಿದು ಕೂತರು. ಗೂಳಪ್ಪನ ಬುತ್ತಿಯ ರೊಟ್ಟಿಗೂ ಅದೇ ನಾತ, ಕುಡಿಯುವ ನೀರಿಗೂ ಅದೇ ನಾತ. ನಾಯಕ ದಿನಕ್ಕೆರಡು ಸಲ ಬಂದು, ಅದೇ ಹಾಸುಗಲ್ಲಿನ ಇನ್ನೊಂದು ತುದಿಯಲ್ಲಿ ಜಮಖಾನ ಹಾಸಿ, ಮೂಗಿಗೆ ಮಲ್ಲಿಗೆಯ ದಂಡೆ ಹಿಡಿದು, ಎಲೆಯಡಿಕೆ ಮೆಲ್ಲುತ್ತ ನೋಡುತ್ತಿದ್ದ. ಒಂದು ಕಡೆ ಕೊಳೆಯುವ ಪ್ರಾಣಿ, ಇನ್ನೊಂದು ಕಡೆ ಮೆಲ್ಲುವ ಪ್ರಾಣಿ, ನಡುವೆ ಬರೆಯುವ ಪ್ರಾಣಿ. ಯಾವುದಕ್ಕೆ ಹೆಚ್ಚು ಹೇಸಬೇಕು ಎಂದು ಊರಿನವರು ಇಂದಿಗೂ ತೀರ್ಮಾನ ಮಾಡಿಲ್ಲ. ಮೂರನೆಯ ದಿನ ಬಲಭುಜದ ಹುಣಿಸೆಬೀಜದ ಚುಕ್ಕೆ ಬರೆಯುವುದಿತ್ತು. ಅದರ ಮೇಲೆ ಹುಳುಗಳು ಮುಸುರಿದ್ದವು. ಗೂಳಪ್ಪ ಎಡಗೈ ಚಾಚಿ, ಎಲೆಯ ಮೇಲಿನ ಧೂಳು ಒರೆಸಿದಷ್ಟು ಸಲೀಸಾಗಿ ಹುಳುಗಳನ್ನು ಒರೆಸಿ, ಚುಕ್ಕೆಯ ಅಂಚು ನೋಡಿ, ಬಲಗೈಯಿಂದ ಬಂಡೆಯ ಮೇಲೆ ಇಟ್ಟ. ಬಹಳ ಚೆನ್ನಾಗಿ ಬಂತು. ಅವನಿಗೆ ಸಂತೋಷವಾಯಿತು. ಆಮೇಲೆ ಎಡಗೈ ನೋಡಿಕೊಂಡ. ಕೈಯನ್ನು ಮಣ್ಣಿಗೆ ಉಜ್ಜಿದ, ಹುಲ್ಲಿಗೆ ಉಜ್ಜಿದ, ಮತ್ತೆ ಮಣ್ಣಿಗೆ ಉಜ್ಜಿದ.

ಆ ದಿನ ಹೊತ್ತು ಇಳಿಯುವಾಗ ಕೆಂಚವ್ವ ಬಂದಳು. ಹಟ್ಟಿಯಿಂದ ಮರಳಿದವಳನ್ನು ಎರಡು ದಿನ ಕೋಟೆಯಲ್ಲೇ ತಡೆದಿದ್ದರು; ಗೂಳಪ್ಪ ಆಡಿದ ಮಾತು ಅಲ್ಲೇ ಅವಳ ಕಿವಿಗೆ ಬಿದ್ದಿತ್ತು. ಮೂರನೆಯ ದಿನ ಗೋಡೆ ಹಾರಿ ಬಂದಿದ್ದಳು. ನಾತಕ್ಕೆ ಹೆದರಿ ದೂರ ಕೂತಿದ್ದ ಕಾವಲಿನವರು ಅವಳಿಗೆ ಅಡ್ಡ ಬರಲಿಲ್ಲ. ಅವಳು ಮೂಗು ಮುಚ್ಚಲಿಲ್ಲ. ಹಾಸುಗಲ್ಲಿನ ಬಳಿ ಸ್ವಲ್ಪ ಹೊತ್ತು ಕುಕ್ಕರಿಸಿ, ಕುತ್ತಿಗೆಯ ಹಗ್ಗವನ್ನು ಬಿಚ್ಚಿ ಎಸೆದಳು. ಎದ್ದು ಬಂಡೆಯ ಮುಂದೆ ಬಂದು, ಬರೆದ ಶಿವಂಗಿಯನ್ನು ಬಾಲದ ತುದಿಯಿಂದ ನೋಡುತ್ತ ಬಂದಳು. ಮುಖವೂ ಮುಗಿದಿತ್ತು, ಅಳುವ ಗೆರೆಗಳೂ ಬಂದಿದ್ದವು. ಕಣ್ಣಷ್ಟೇ ಬಾಕಿ. ಅವಳು ಬಲಭುಜದ ಚುಕ್ಕೆಯ ಮೇಲೆ ಬೆರಳಿಟ್ಟಳು.

‘ಹೌದು, ಇದ ಜಾಗ. ಸಂಪಿನ ಇದು’ ಅಂದಳು. ಅವಳ ಬೆರಳಿಗೆ ಹಸಿ ಕಾಡಿಗೆ ಹತ್ತಿತು.

ಬದುಕಿನಲ್ಲಿ ಅಂಥ ಹೊಗಳಿಕೆ ಗೂಳಪ್ಪನಿಗೆ ಸಿಕ್ಕಿರಲಿಲ್ಲ. ಅದು ಕೆಂಡದ ಹಾಗೆ ಅವನ ಹೊಟ್ಟೆಗೆ ಇಳಿಯಿತು.

ಅಷ್ಟರಲ್ಲಿ ನಾಯಕ ಬಂದು ಜಮಖಾನದ ಮೇಲೆ ಕೂತ. ಚಿತ್ರ ನೋಡಿ ತೊಡೆ ತಟ್ಟಿದ. ಕಣ್ಣು ಬರೆದು ಮುಗಿಸು, ನಾಳೆಯೇ ಬೀಗನನ್ನು ಕರೆಸುತ್ತೇನೆ ಎಂದ. ಗೂಳಪ್ಪ ಕುಂಚವನ್ನು ಕಾಡಿಗೆಯಲ್ಲಿ ಅದ್ದಿ ನಿಂತ.

‘ಬರೆಸಿದವರು ಎದುರಿಗೆ ನಿಲ್ಲಬೇಕು, ಧಣಿ. ಮೊದಲ ನೋಟ ನಿಮ್ಮದು.’

ನಾಯಕ ನಗುತ್ತಲೇ ಎದ್ದ. ಎರಡು ಹೆಜ್ಜೆ ಇಟ್ಟ. ಬಂಡೆಯ ಮೇಲಿನ ಮುಖ ನೋಡಿದ, ಹಾಸುಗಲ್ಲಿನ ಮೇಲಿನ ಮುಖ ನೋಡಿದ. ಮೂರನೆಯ ಹೆಜ್ಜೆ ಬರಲಿಲ್ಲ. ಇದೇನು ದೇವರಲ್ಲ, ಪ್ರಾಣಿ, ಇದಕ್ಕೆಲ್ಲ ಕಟ್ಟಳೆ ಬೇಡ ಎಂದ. ಕಟ್ಟಳೆ ಬಿಟ್ಟರೆ ಊರಿಗೆ ಕೇಡು ಎಂದು ಕಾವಲಿನವರು ಗೊಣಗಿದರು. ನಿಮ್ಮಲ್ಲೊಬ್ಬರು ನಿಲ್ಲಿ ಎಂದರೆ ಹಗ್ಗ ಬಿಗಿದಿದ್ದ ಅವರೆಲ್ಲ ಹಿಂದೆ ಸರಿದರು. ಕೊನೆಗೆ ನಾಯಕ ಸಿಟ್ಟಿನಿಂದ, ಕಟ್ಟಳೆಯಲ್ಲಿ ಚಿತ್ರಗಾರನೂ ನಿಲ್ಲಬಹುದಲ್ಲ, ಬರೆದು ನೀನೇ ನಿಲ್ಲು ಎಂದ.

‘ನಿಲ್ಲಪಾ’ ಎಂದಳು ಕೆಂಚವ್ವ. ದನಿ ಏರಿಸಲಿಲ್ಲ. ‘ಮಿಸುಕಬಾರದು ಅಂದಾಂವ ನೀನ ಅಲ್ಲೇನು?’

ಗೂಳಪ್ಪ ಬಂಡೆಗೆ ಮುಖ ಮಾಡಿದ. ಕುಂಚ ಎತ್ತಿದ, ಇಳಿಸಿದ. ಮತ್ತೆ ಎತ್ತಿದ. ಆ ಕಣ್ಣು ಅವನಿಗೆ ಗೊತ್ತಿತ್ತು. ಹನ್ನೆರಡು ದಿನ ಕೊಟ್ಟಿಗೆಯಲ್ಲಿ ಅದು ಅವನನ್ನು ನೋಡಿತ್ತು, ಜೇನಿನ ಬಣ್ಣದ್ದು, ಹೆದರಿಕೆ ಇಲ್ಲದ್ದು. ಮೂರನೆಯ ಸಲ ಕುಂಚ ಎತ್ತಿದಾಗ ಅವನ ಎಡಗೈಯಿಂದ ನಾತ ಬಂತು. ಅವನು ಬಂಡೆಯ ಬುಡದಲ್ಲಿ ಕೂತು, ಹೊಟ್ಟೆಯಲ್ಲಿ ಏನೂ ಉಳಿಯದ ಹಾಗೆ ವಾಂತಿ ಮಾಡಿದ.

‘ಹೇಸಿಗಿ’ ಎಂದ. ‘ಅದರ ನಾತ ಅಲ್ಲಬೇ ತಾಯಿ. ನನ್ನ ನೋಡಿ ನನಗ ಹೇಸಿಗಿ.’

ಕೆಂಚವ್ವ ಅವನ ಕೈಯಿಂದ ಕುಂಚ ತೆಗೆದುಕೊಂಡು ಮುರಿದಳು.

‘ಬಿಡು. ನಿಮ್ಮಂಥವರನ್ನ ಅದು ಮತ್ತ ನೋಡೂದು ಬ್ಯಾಡ.’

ಅಷ್ಟು ಹೇಳಿ, ನಾಯಕ ಜಮಖಾನ ಹಾಸಿದ್ದ ಕಡೆಗೆ ತಿರುಗಿ, ಹಾಸುಗಲ್ಲಿನ ಮೇಲೆ ಉಗುಳಿದಳು. ನಾಯಕ ಮಲ್ಲಿಗೆಯ ದಂಡೆಯನ್ನು ಮೂಗಿಗೊತ್ತಿಕೊಂಡು ಹಿಂದೆ ಸರಿದ. ಅವಳು ಗೂಟದ ಕಟ್ಟು ಬಿಚ್ಚಿ, ಸಂಪಿಯನ್ನು ತನ್ನ ಸೀರೆಯ ಸೆರಗಿನಲ್ಲಿ ಸುತ್ತಿ ಹುಲ್ಲುಗಾವಲಿಗೆ ಎಳೆದುಕೊಂಡು ಹೋಗಿ ಮಣ್ಣು ಮಾಡಿದಳು. ಆಮೇಲೆ ಅವಳನ್ನು ಆ ಸೀಮೆಯಲ್ಲಿ ಯಾರೂ ಕಾಣಲಿಲ್ಲ. ನಾಯಕ ದೂರದೂರದಿಂದ ಚಿತ್ರಗಾರರನ್ನು ಕರೆಸಿದ. ಬಂದವರೆಲ್ಲ ಚುಕ್ಕೆಗಳನ್ನು ನೋಡಿ ತಲೆದೂಗಿ, ಎದುರಿಗೆ ಯಾರು ನಿಲ್ಲುತ್ತೀರಿ ಎಂದು ಕೇಳಿ, ಯಾರೂ ಮುಂದೆ ಬಾರದ್ದು ಕಂಡು ಹಿಂದಿರುಗಿದರು. ಗೂಳಪ್ಪ ಉಳಿದ ಕಾಲವೆಲ್ಲ ಬಾಗಿಲು ಕಿಟಕಿಗಳಿಗೆ ಬಣ್ಣ ಬಳಿದು ಬದುಕಿದನಂತೆ. ಊಟಕ್ಕೆ ಕೂತಾಗ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಿದ್ದನಂತೆ.

ಈಗಲೂ ಬಂಡೆಯ ಮೇಲೆ ಆ ಶಿವಂಗಿ ಓಡುತ್ತಿದೆ. ಬಲಭುಜದ ಹುಣಿಸೆಬೀಜದ ಚುಕ್ಕೆಯ ಮೇಲೆ ಒಂದು ಬೆರಳಿನ ಗುರುತಿದೆ. ನೋಡಬಹುದು, ಮುಟ್ಟಲು ಊರಿನವರು ಬಿಡುವುದಿಲ್ಲ. ಕೆಲವು ವರ್ಷಗಳ ಹಿಂದೆ ರಸ್ತೆ ಬದಿಯ ಹಲಗೆ ಬರೆಯಲು ಪೇಟೆಯಿಂದ ಬಂದವನೊಬ್ಬ, ಡಬ್ಬಿಯಲ್ಲಿ ಕಪ್ಪು ಬಣ್ಣ ಉಳಿದಿದೆ, ಪಾಪ, ಇದಕ್ಕೊಂದು ಕಣ್ಣು ಇಟ್ಟುಬಿಡೋಣ ಎಂದು ಬಂಡೆಯ ಮುಂದೆ ನಿಂತ. ಆಡು ಮೇಯಿಸುತ್ತಿದ್ದ ಒಬ್ಬ ಮುದುಕಿ, ‘ಇಡಪಾ, ಇಡು. ಇಟ್ಟು ಎದುರಿಗೆ ನಿಂದ್ರು’ ಎಂದು ಈ ಕಥೆಯನ್ನು ಹೇಳಿದಳು. ಅವನು ಕೊನೆಯವರೆಗೂ ಕೇಳಿ, ತನ್ನ ಕೈಗಳನ್ನೊಮ್ಮೆ ನೋಡಿಕೊಂಡು, ಡಬ್ಬಿಯ ಮುಚ್ಚಳ ಹಾಕಿದ. ನೋಡಲು ಬಂದವರು ಚುಕ್ಕೆಗಳನ್ನು ಮೆಚ್ಚುತ್ತಾರೆ, ಫೋಟೋ ತೆಗೆಯುತ್ತಾರೆ. ಕಣ್ಣಿರಬೇಕಾದ ಜಾಗದಲ್ಲಿ ಬರಿಯ ಕಲ್ಲಿದೆ. ಅಳುವ ಗೆರೆಗಳು ಮಾತ್ರ ಆ ಬರಿಗಲ್ಲಿನಿಂದ ಹೊರಟು ಬಾಯಿಯವರೆಗೆ ಕಪ್ಪಗೆ ಇಳಿದಿವೆ.